ಗೋಡೆಯೊಳಗಿನ ಕೈತೋಟದ ಜಾತಕ: ಹಳೆಯ ನಕ್ಷೆಗಳಿಂದ ಬ್ರಿಟನ್ನಿನ ತೋಟವೊಂದರ ಚರಿತ್ರೆ ತೆಗೆಯುವ ಕ್ರಮ

ಇಂಗ್ಲೆಂಡ್, ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಓಡಾಡಿದವರು ಇದನ್ನು ನೋಡಿಯೇ ಇರುತ್ತೀರಿ. ಹೊಲದ ನಡುವೆ ಇದ್ದಕ್ಕಿದ್ದಂತೆ ಹತ್ತು ಹನ್ನೆರಡು ಅಡಿ ಎತ್ತರದ ಇಟ್ಟಿಗೆ ಗೋಡೆ ಎದುರಾಗುತ್ತದೆ. ನಾಲ್ಕೂ ಕಡೆ ಭದ್ರವಾಗಿ ಸುತ್ತಿದೆ, ಆದರೆ ಒಳಗೆ ಕಾಯುವಂಥದ್ದೇನೂ ಕಾಣುವುದಿಲ್ಲ. ಒಂದರಲ್ಲಿ ಕ್ರಿಸ್‌ಮಸ್ ಮರಗಳ ನರ್ಸರಿ, ಇನ್ನೊಂದರಲ್ಲಿ ಕಾರ್ ಪಾರ್ಕ್, ಮತ್ತೊಂದರಲ್ಲಿ ಕುರಿ, ಇಲ್ಲವೇ ಎದೆಮಟ್ಟ ಬೆಳೆದ ತುರಿಕೆ ಸೊಪ್ಪು. ಇವೆಲ್ಲ ಒಂದು ಕಾಲಕ್ಕೆ ದೊಡ್ಡಮನೆಗಳ ಅಡುಗೆಕೋಣೆಗೆ ವರ್ಷಪೂರ್ತಿ ತರಕಾರಿ, ಹಣ್ಣು, ಹೂವು ಒದಗಿಸುತ್ತಿದ್ದ ತೋಟಗಳು. ಕೈತೋಟ ಎನ್ನುತ್ತೇವೆ ನಿಜ, ಆದರೆ ಅಳತೆ ಹಿತ್ತಿಲಿನದಲ್ಲ. ಎರಡು ಮೂರು ಎಕರೆ ಸಾಮಾನ್ಯ. ವಿಂಡ್ಸರ್ ಬಳಿಯ ಫ್ರಾಗ್‌ಮೋರ್‌ನಲ್ಲಿ ವಿಕ್ಟೋರಿಯಾ ರಾಣಿಗೆಂದು 1840ರ ದಶಕದಲ್ಲಿ ಮಾಡಿದ ತೋಟ ಇಪ್ಪತ್ತು ಎಕರೆಗೂ ಮೀರಿತ್ತು.

ಇಂಥ ತೋಟ ಯಾವಾಗ ಹುಟ್ಟಿತು, ಯಾವಾಗ ಮೆರೆಯಿತು, ಯಾವಾಗ ಬಿದ್ದಿತು ಎಂಬುದನ್ನು ಹಳೆಯ ನಕ್ಷೆಗಳ ಸಹಾಯದಿಂದ ಸಾಕಷ್ಟು ನಿಖರವಾಗಿ ಹೇಳಬಹುದು. ಆ ದೇಶದಲ್ಲಿದ್ದು ಊರಿನ ಸಮುದಾಯ ತೋಟಕ್ಕೆ ಸ್ವಯಂಸೇವಕರಾಗಿ ಹೋಗುವ ಕನ್ನಡಿಗರಿಗೆ ಇದು ಒಳ್ಳೆಯ ಚಳಿಗಾಲದ ಕೆಲಸ. ಬೆಂಗಳೂರಿನಲ್ಲೋ ಶಿರಸಿಯಲ್ಲೋ ಕೂತವರಿಗೂ ಅಡ್ಡಿಯಿಲ್ಲ, ಮುಖ್ಯವಾದ ನಕ್ಷೆಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಬೇಕಾದ್ದು ತಾಳ್ಮೆ, ಜೊತೆಗೆ ಒಂದು ಅಭ್ಯಾಸ: ಪ್ರತಿ ನಕ್ಷೆಯನ್ನೂ ಕೈಗೆತ್ತಿಕೊಂಡ ಕೂಡಲೇ ಇದನ್ನು ಬರೆದವನು ಯಾವ ಕೆಲಸಕ್ಕೆ ಬರೆದ, ಏನನ್ನು ಬರೆಯುವ ಗರಜು ಅವನಿಗಿರಲಿಲ್ಲ ಎಂದು ಕೇಳಿಕೊಳ್ಳುವುದು. ಈ ಪ್ರಶ್ನೆ ಕೇಳದೆ ಹೋದವರು ಇದ್ದ ತೋಟವನ್ನು ಇಲ್ಲ ಎನ್ನುತ್ತಾರೆ, ಇಲ್ಲದ ಗೋಡೆಯನ್ನು ಇದೆ ಎನ್ನುತ್ತಾರೆ.

1. ಹುಡುಕುವ ವಸ್ತುವಿನ ಅಂಗಾಂಗ ಮೊದಲು ತಿಳಿಯಲಿ

ಬ್ರಿಟನ್ ಉತ್ತರದ ದೇಶ. ಅಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಹಾಗಾಗಿ ತೋಟದ ಉತ್ತರ ಗೋಡೆಯ ಒಳಮೈ, ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಮೈ, ತೋಟದಲ್ಲೇ ಅತಿ ಬೆಲೆಯ ಜಾಗ. ಪೀಚ್, ದ್ರಾಕ್ಷಿಯಂಥ ಬಿಸಿಲು ಬೇಡುವ ಹಣ್ಣುಗಳೆಲ್ಲ ಅಲ್ಲಿಗೇ. ಗಾಜಿನ ಮನೆಗಳು ಒರಗಿಕೊಳ್ಳುವುದೂ ಬಹುಮಟ್ಟಿಗೆ ಅದೇ ಗೋಡೆಗೆ. ಅದರ ಬೆನ್ನ ಹಿಂದೆ, ನೆರಳು ಬೀಳುವ ಹೊರಮೈಯಲ್ಲಿ, ಬಾಯ್ಲರ್ ಕೋಣೆ, ಅಣಬೆ ಕೋಣೆ, ಕುಂಡ ತುಂಬುವ ಶೆಡ್ಡು, ಮದುವೆಯಾಗದ ಹುಡುಗ ಮಾಲಿಗಳು ಮಲಗುವ ಬಾಥಿ ಎಂಬ ವಠಾರ. ತೋಟದ ನಡುವೆ ಕ್ಯಾನು ಅದ್ದಿ ನೀರು ತುಂಬಿಕೊಳ್ಳುವ ದುಂಡನೆ ಕೊಳ, ಅದರತ್ತ ಕೂಡುವ ದಾರಿಗಳು, ದಾರಿಗಳು ಸೀಳಿದ ನಾಲ್ಕು ಪಾತಿಗಳು. ಗೋಡೆಯ ಹೊರಗೂ ಒಂದು ಪಟ್ಟಿ ಸಾಗುವಳಿ ಇರುತ್ತಿತ್ತು. ಆಲೂಗಡ್ಡೆಯಂಥ ಒರಟು ಬೆಳೆ ಅಲ್ಲಿ.

ಕೆಲವು ಗೋಡೆಗಳೊಳಗೆ ಹೊಗೆಕೊಳವೆ ಹಾಯಿಸಿ ಹಿಂದಿನಿಂದ ಬೆಂಕಿ ಹಾಕಿ ಗೋಡೆಯನ್ನೇ ಬಿಸಿ ಮಾಡುತ್ತಿದ್ದರು. ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಿ ಕಲ್ಲಿನ ದೊಡ್ಡ ಅನಾನಸ್ ಹೊತ್ತ ಕಟ್ಟಡವಿದೆಯಲ್ಲ, 1761ರದ್ದು, ಅದೂ ಇಂಥದ್ದೇ ಒಂದು ಬಿಸಿ ಗೋಡೆಯ ಭಾಗ. ಅಲಂಕಾರದ ಕಲಶಗಳಂತೆ ಕಾಣುವುದರಲ್ಲಿ ಹೊಗೆಗೂಡು ಅಡಗಿದೆ.

ಈ ಅಂಗಾಂಗ ತಲೆಯಲ್ಲಿದ್ದರೆ ನಕ್ಷೆಯ ಮೇಲಿನ ಒಂದು ಚೌಕ, ಒಂದು ಸಣ್ಣ ವೃತ್ತ, ಮೇಲಂಚಿಗೆ ಅಂಟಿದ ಉದ್ದ ಪಟ್ಟಿ ಇಷ್ಟರಿಂದಲೇ ತೋಟದ ಗುರುತು ಹತ್ತುತ್ತದೆ. ಗೆರೆಯೊಂದೇ ಸಾಕ್ಷಿಯಲ್ಲ ಎಂಬುದು ಮಾತ್ರ ನೆನಪಿರಲಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ನಕ್ಷೆಯಲ್ಲಿ ಬೇಲಿಗೂ ಗೋಡೆಗೂ ಸಾಮಾನ್ಯವಾಗಿ ಒಂದೇ ಬಗೆಯ ಗೆರೆ. ಆ ಗೆರೆಗೆ ಗಾಜಿನ ಮನೆ ಒರಗಿದ್ದರೆ, ಹಿಂದೆ ಶೆಡ್ಡುಗಳ ಸಾಲಿದ್ದರೆ ಆಗ ಗೋಡೆ ಎನ್ನಿ.

2. ಇವತ್ತಿನ ನಕ್ಷೆಯಿಂದ ಹಿಂದಕ್ಕೆ ನಡೆಯಿರಿ

ಎಲ್ಲಕ್ಕಿಂತ ಹಳೆಯದನ್ನೇ ಮೊದಲು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. 18ನೇ ಶತಮಾನದ ನಕ್ಷೆಯಲ್ಲಿ ಅಳತೆ ಹಿಂದುಮುಂದಾಗಿರುತ್ತದೆ. ಯಾವ ಚೌಕ ನಿಮ್ಮ ತೋಟ ಎಂದು ಖಚಿತವಾಗಬೇಕಾದರೆ ಇಂದಿನ ಉಪಗ್ರಹ ಚಿತ್ರದಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಇಳಿಯಬೇಕು.

ಇದಕ್ಕೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ನಕ್ಷೆಗಳ ಜಾಲತಾಣಕ್ಕಿಂತ ಒಳ್ಳೆಯ ಜಾಗವಿಲ್ಲ. ಹೆಸರು ಸ್ಕಾಟ್ಲೆಂಡಿನದಾದರೂ ಇಂಗ್ಲೆಂಡ್, ವೇಲ್ಸ್‌ನ ಆರ್ಡ್ನೆನ್ಸ್ ಸರ್ವೆ ನಕ್ಷೆಗಳೂ ಅಲ್ಲಿವೆ. ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿಟ್ಟಿದ್ದಾರೆ. ಮೂಲೆಯಲ್ಲಿರುವ ಗುಂಡಿಯನ್ನು ಎಳೆದರೆ ಮೇಲಿನ ಪದರ ತೆಳುವಾಗುತ್ತ ಹೋಗಿ ಕೆಳಗಿನದು ಕಾಣುತ್ತದೆ. ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೆ ಸರಿಸುವ ವ್ಯವಸ್ಥೆಯೂ ಇದೆ, ನನಗೆ ಹೆಚ್ಚು ಹಿಡಿಸಿದ್ದು ಅದೇ. ಪದರ ತೆಳು ಮಾಡುವಾಗ ಸಣ್ಣ ವ್ಯತ್ಯಾಸಗಳು ಕಣ್ಣು ತಪ್ಪಿಸುತ್ತವೆ, ಅಕ್ಕಪಕ್ಕ ಇಟ್ಟರೆ ಅವಿತುಕೊಳ್ಳಲು ಜಾಗವಿರುವುದಿಲ್ಲ.

ನೋಡುತ್ತ ಹೋದಂತೆ ಒಂದು ಪಟ್ಟಿ ಬರೆಯಿರಿ. ಪ್ರತಿ ನಕ್ಷೆಗೆ ಒಂದು ಸಾಲು: ಅಳತೆ ಮಾಡಿದ ವರ್ಷ, ಪ್ರಮಾಣ, ಗೋಡೆ, ಗಾಜಿನ ಮನೆ, ದಾರಿ, ಮರ, ನೀರು, ಹೊರಗಿನ ಕಟ್ಟಡ, ಬರೆದ ಹೆಸರು. ಕೋಷ್ಟಕದಲ್ಲಿ ‘ಇದೆ’, ‘ಇಲ್ಲ’ ಎಂಬ ಎರಡು ಉತ್ತರ ಸಾಲದು. ‘ಈ ನಕ್ಷೆಯಲ್ಲಿ ಅದನ್ನು ತೋರಿಸುವ ವಾಡಿಕೆಯಿಲ್ಲ’ ಎಂಬ ಮೂರನೆಯ ಉತ್ತರವೂ ಬೇಕೇಬೇಕು. ಈ ಕೆಲಸದ ಅರ್ಧ ಜಾಣತನ ಈ ಮೂರನೆಯ ಉತ್ತರದಲ್ಲಿದೆ.

ವರ್ಷದ ಬಗ್ಗೆ ಒಂದು ಎಚ್ಚರಿಕೆ. ಹಾಳೆಯ ಅಂಚಿನಲ್ಲಿ ಅಳತೆ ಮಾಡಿದ ವರ್ಷ, ಪರಿಷ್ಕರಿಸಿದ ವರ್ಷ, ಅಚ್ಚಾದ ವರ್ಷ ಬೇರೆ ಬೇರೆ ಇರುತ್ತವೆ. ತೋಟದ ಮಟ್ಟಿಗೆ ಲೆಕ್ಕಕ್ಕೆ ಬರುವುದು ಸರ್ವೆಯವನು ನೆಲದ ಮೇಲೆ ನಿಂತಿದ್ದ ವರ್ಷ. 20ನೇ ಶತಮಾನದ ನಡುವಿನಲ್ಲಿ ಬಂದ ಆರು ಇಂಚಿನ (ನೆಲದ ಒಂದು ಮೈಲಿಗೆ ಹಾಳೆಯ ಮೇಲೆ ಆರು ಇಂಚು) ತಾತ್ಕಾಲಿಕ ಆವೃತ್ತಿಗಳಲ್ಲಂತೂ ಹಳೆಯ ಅಳತೆಯ ಮೇಲೆ ಹೊಸ ಮನೆ, ಹೊಸ ರಸ್ತೆ ಅಷ್ಟೇ ಸೇರಿಸಿರುತ್ತಾರೆ. ಅದರಲ್ಲಿ ಗಾಜಿನ ಮನೆ ಕಂಡಿತೆಂದು 1950ರಲ್ಲೂ ದ್ರಾಕ್ಷಿ ಬೆಳೆಯುತ್ತಿದ್ದರು ಎಂದು ಬರೆದುಬಿಡಬೇಡಿ.

3. ಇಪ್ಪತ್ತೈದು ಇಂಚಿನ ನಕ್ಷೆ: ಇಲ್ಲಿ ನಿಧಾನಿಸಿ

ಮೈಲಿಗೆ 25 ಇಂಚು, ಅಂದರೆ 1:2500. ಸುಮಾರು 1854ರಲ್ಲಿ ಶುರುವಾಗಿ 19ನೇ ಶತಮಾನ ಮುಗಿಯುವಷ್ಟರಲ್ಲಿ ಬ್ರಿಟನ್ನಿನ ಸಾಗುವಳಿ ನೆಲವನ್ನೆಲ್ಲ ಈ ಪ್ರಮಾಣದಲ್ಲಿ ಅಳೆದರು. ಇದರಲ್ಲಿ ಒಂದು ಚದರ ಇಂಚು ಹೆಚ್ಚುಕಡಿಮೆ ಒಂದು ಎಕರೆ. ಎರಡು ಎಕರೆಯ ಚೌಕ ತೋಟವೆಂದರೆ ಒಂದೊಂದು ಬದಿ 90 ಮೀಟರ್, ಹಾಳೆಯ ಮೇಲೆ 3.6 ಸೆಂಟಿಮೀಟರ್. ಐದು ಮೀಟರ್ ಅಗಲದ ಗಾಜಿನ ಮನೆ ಎರಡು ಮಿಲಿಮೀಟರಿನ ಪಟ್ಟಿ. ಬರಿಗಣ್ಣಿಗೇ ಕಾಣುತ್ತದೆ. ಅದೇ ಗಾಜಿನ ಮನೆ ಆರು ಇಂಚಿನ ನಕ್ಷೆಗೆ ಬಂದರೆ ಅರ್ಧ ಮಿಲಿಮೀಟರ್, ಲೇಖನಿಯ ಒಂದು ಗೀರಿಗೆ ಸಮ. ಆರು ಇಂಚಿನಲ್ಲಿ ಗಾಜು ಕಾಣಲಿಲ್ಲವೆಂದು ಯಾರಾದರೂ ವಾದಿಸಿದರೆ ಈ ಲೆಕ್ಕ ಮುಂದಿಡಿ.

ಗಾಜಿನ ಛಾವಣಿಗೆ ಅಡ್ಡ ಓರೆ ಗೆರೆಗಳ ಬಲೆಯಂಥ ಗುರುತು. ಅದನ್ನೇ ಎಣಿಸಿ, ಅಳೆಯಿರಿ. ಗೋಡೆಗೆ ಒರಗಿದ್ದೋ, ತೋಟದ ನಡುವೆ ಒಂಟಿಯಾಗಿ ನಿಂತದ್ದೋ ಎಂದೂ ಗುರುತು ಮಾಡಿಕೊಳ್ಳಿ. ಗಾಜಿನ ಲೆಕ್ಕ ತೋಟದ ಹಣಕಾಸಿನ ಲೆಕ್ಕವೂ ಹೌದು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ಹೋಯಿತು, ಇಟ್ಟಿಗೆಯ ಸುಂಕ 1850ರಲ್ಲಿ. ಬಿಸಿನೀರಿನ ಕೊಳವೆಗಳಿಂದ ಕೋಣೆ ಕಾಯಿಸುವ ವಿದ್ಯೆಯೂ ಆ ಹೊತ್ತಿಗೆ ಕುದುರಿತ್ತು. ಹೀಗಾಗಿ 1840ರ ನಕ್ಷೆಯಲ್ಲಿ ಒಂದು ಪುಟ್ಟ ಪಟ್ಟಿಯಿದ್ದ ಜಾಗದಲ್ಲಿ 1880ರ ಹೊತ್ತಿಗೆ ಉತ್ತರ ಗೋಡೆಯುದ್ದಕ್ಕೂ ಗಾಜು ಹಬ್ಬಿರುವುದು ಅಪರೂಪವಲ್ಲ. 1900ರ ಸುಮಾರಿಗೆ ಗಾಜಿನ ಉದ್ದ ಇನ್ನೂ ಬೆಳೆಯುತ್ತಿದ್ದರೆ ಮನೆತನ ಗಟ್ಟಿಯಾಗಿತ್ತು ಎನ್ನಬಹುದು. 1930ರ ಪರಿಷ್ಕರಣೆಯಲ್ಲಿ ಅದು ಮೊಟಕಾಗಿದ್ದರೆ ಕಾರಣಕ್ಕೆ ದೂರ ಹೋಗಬೇಕಿಲ್ಲ. ಮೊದಲ ಮಹಾಯುದ್ಧಕ್ಕೆ ಹೋದ ಮಾಲಿಗಳಲ್ಲಿ ಬಹಳಷ್ಟು ಜನ ಮರಳಲಿಲ್ಲ, ಆಮೇಲೆ ಕೂಲಿ, ಕಲ್ಲಿದ್ದಲು ಎರಡೂ ತುಟ್ಟಿಯಾದವು.

ನೀರಿನ ಗುರುತಿಗೂ ಕಣ್ಣಿಡಿ. ಪಂಪಿಗೆ ‘ಪಿ’, ಬಾವಿಗೆ ‘ಡಬ್ಲ್ಯೂ’ ಎಂಬ ಒಂಟಿ ಅಕ್ಷರ, ನಡುವೆ ಸಣ್ಣ ವೃತ್ತ. ವೃತ್ತ ಕಂಡರೆ ಅದು ಕೊಳವೋ ಬರೀ ಹೂವಿನ ಮಡಿಯೋ ಎಂದು ಕೂಡಲೇ ತೀರ್ಮಾನಿಸಬೇಡಿ. ಬಣ್ಣ ಹಚ್ಚಿದ ಪ್ರತಿ ಸಿಕ್ಕರೆ ನೀರಿಗೆ ನೀಲಿ ಇರುತ್ತದೆ, ಅಲ್ಲಿಗೆ ಜಗಳ ತೀರಿತು. ಅದೇ ಬಣ್ಣದ ಪ್ರತಿಯಲ್ಲಿ ಕಲ್ಲು ಇಟ್ಟಿಗೆಯ ಕಟ್ಟಡಕ್ಕೆ ಕೆಂಪು, ಮರ ಅಥವಾ ತಗಡಿನದಕ್ಕೆ ಬೂದು. ಹಿಂದಿನ ಶೆಡ್ಡುಗಳಲ್ಲಿ ಯಾವುದು ಗಟ್ಟಿ, ಯಾವುದು ತಾತ್ಕಾಲಿಕ ಎಂದು ತಿಳಿಯಲು ಇಷ್ಟು ಸಾಕು.

ಎಲ್ಲ ಕೌಂಟಿಗೂ ಈ ಭಾಗ್ಯ ಒಂದೇ ಕಾಲಕ್ಕೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳನ್ನು 1840ರ ದಶಕದ ಸುಮಾರಿಗೆ ಆರು ಇಂಚಿನಲ್ಲೇ ಅಳೆದುಬಿಟ್ಟಿದ್ದರು. ಸ್ಕಾಟ್ಲೆಂಡಿನಲ್ಲಿ ಹ್ಯಾಡಿಂಗ್ಟನ್, ಎಡಿನ್‌ಬರೊ, ಫೈಫ್, ಕಿನ್‌ರಾಸ್, ಕರ್ಕುಬ್ರಿ, ವಿಗ್‌ಟನ್ ಕೌಂಟಿಗಳದೂ ಲೂಯಿಸ್ ದ್ವೀಪದ್ದೂ ಇದೇ ಕತೆ. (ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಇದೇ ಲೂಯಿಸ್ ದ್ವೀಪದವರು. ಅವರ ಊರಿಗೆ ಒಳ್ಳೆಯ ನಕ್ಷೆ ಬರುವಷ್ಟರಲ್ಲಿ ನಮ್ಮ ಹಳ್ಳಿಗಳ ವಿವರ ಬರೆದಿಟ್ಟು ಅರ್ಧ ಶತಮಾನವಾಗಿತ್ತು.) ಈ ಕೌಂಟಿಗಳಿಗೆ 25 ಇಂಚಿನ ನಕ್ಷೆ ಬಂದದ್ದು ಹೆಚ್ಚುಕಡಿಮೆ 1890ರ ದಶಕದಲ್ಲಿ. ನಿಮ್ಮ ತೋಟ ಇಲ್ಲಿದ್ದರೆ ನಡುವಿನ ನಲವತ್ತು ವರ್ಷದ ಕತ್ತಲೆಗೆ ಬೇರೆ ದೀಪ ಹುಡುಕಬೇಕಾಗುತ್ತದೆ.

4. ದಾರಿಗಳು ಮಾಯವಾದವು ಎಂದು ಗಾಬರಿಯಾಗಬೇಡಿ

ಹೊಸಬರು ಜಾರುವುದು ಇಲ್ಲೇ. ಮೊದಲ ಆವೃತ್ತಿಯ 25 ಇಂಚಿನ ನಕ್ಷೆಯಲ್ಲಿ ತೋಟದೊಳಗಿನ ದಾರಿ, ಪಾತಿ, ಒಂಟಿ ಮರ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿರುತ್ತಾರೆ. ನೋಡಿದರೆ ಕಸೂತಿ ಹಾಕಿದ ಹಾಗೆ. ಮುಂದಿನ ಆವೃತ್ತಿ ತೆರೆದರೆ ಗೋಡೆಯೊಳಗೆ ಬಿಳಿ ಖಾಲಿ. ತೋಟ ಹಾಳುಬಿತ್ತು, ಹುಲ್ಲುಗಾವಲಾಯಿತು ಎಂದು ಬರೆದುಬಿಡುವುದು ಸುಲಭ.

ನಿಜ ಸಂಗತಿ ಬೇರೆ. ಅಷ್ಟು ವಿವರ ಅಳೆಯುವುದಕ್ಕೆ ದುಡ್ಡು, ಸಮಯ ಹೆಚ್ಚು ಹಿಡಿಯಿತು. ಖಾಸಗಿ ತೋಟದ ಒಳದಾರಿಗಳಿಂದ ಸರ್ಕಾರಕ್ಕೆ ಪ್ರಯೋಜನವೂ ಇರಲಿಲ್ಲ. ಮುಂದಿನ ಪರಿಷ್ಕರಣೆಗಳಲ್ಲಿ ಅವನ್ನು ಕೈಬಿಟ್ಟರು. ಒಂಟಿ ಮರಗಳ ಗತಿಯೂ ಅದೇ. ಖಾಲಿ ಕಂಡದ್ದು ನಕ್ಷೆ, ತೋಟವಲ್ಲ. ಆದ್ದರಿಂದ ಕೋಷ್ಟಕದ ಆ ಮನೆಯಲ್ಲಿ ಮೂರನೆಯ ಉತ್ತರ ಬರೆಯಿರಿ. ಗಾಜಿನ ಮನೆ ಮಾತ್ರ ಕಟ್ಟಡದ ಲೆಕ್ಕಕ್ಕೆ ಸೇರಿದ್ದರಿಂದ ಉಳಿದುಕೊಂಡಿತು. ತಡವಾದ ಆವೃತ್ತಿಗಳಲ್ಲಿ ತೋಟ ಬದುಕಿತ್ತೇ ಸತ್ತಿತ್ತೇ ಎಂದು ಹೇಳುವ ನಾಡಿ ಗಾಜೇ, ದಾರಿಯಲ್ಲ.

ಒಮ್ಮೆ ಇದು ಗೊತ್ತಾದ ಮೇಲೆ ಮೊದಲ ಆವೃತ್ತಿಯ ಬೆಲೆ ಇನ್ನೂ ಹೆಚ್ಚುತ್ತದೆ. ಪಾತಿಗಳ ವಿನ್ಯಾಸ ಸಿಗುವುದು ಬಹುಶಃ ಅದೊಂದರಲ್ಲೇ. ದೊಡ್ಡದು ಮಾಡಿ, ಅಚ್ಚು ಹಾಕಿ, ಮೇಜಿನ ಮೇಲಿಟ್ಟುಕೊಳ್ಳಿ.

5. ಟೈಥ್ ನಕ್ಷೆ: ಅವರ ಊರಿನ ಪಹಣಿ

ಇಂಗ್ಲೆಂಡ್, ವೇಲ್ಸ್‌ನಲ್ಲಿ ರೈತರು ಫಸಲಿನ ಹತ್ತನೇ ಒಂದು ಪಾಲನ್ನು ಟೈಥ್ ಎಂಬ ಹೆಸರಿನಲ್ಲಿ ಚರ್ಚಿಗೆ ಕೊಡಬೇಕಿತ್ತು. 1836ರ ಕಾಯ್ದೆ ಅದನ್ನು ಹಣದ ರೂಪಕ್ಕೆ ತಂದಿತು. ಯಾರ ನೆಲ ಎಷ್ಟು ಎಂದು ತಿಳಿಯಲು ಒಂದೊಂದು ಪ್ಯಾರಿಷ್‌ಗೂ (ಒಂದು ಚರ್ಚಿನ ವ್ಯಾಪ್ತಿಯ ಊರು) ದೊಡ್ಡ ನಕ್ಷೆ, ಜೊತೆಗೊಂದು ವಿವರ ಪಟ್ಟಿ ಮಾಡಿಸಿದರು. ಹೆಚ್ಚಿನವು 1850ರ ದಶಕದ ಆರಂಭದೊಳಗೆ ಮುಗಿದವು. ಪಟ್ಟಿಯಲ್ಲಿ ಮಾಲೀಕ, ಅನುಭವದಾರ, ನಂಬರು, ನೆಲದ ಹೆಸರು, ಸಾಗುವಳಿಯ ಬಗೆ, ವಿಸ್ತೀರ್ಣ, ಕಟ್ಟಬೇಕಾದ ಹಣ, ಎಲ್ಲ ಇದೆ. ಪಹಣಿ ಓದಿ ಅಭ್ಯಾಸವಿರುವ ಕನ್ನಡಿಗನಿಗೆ ಈ ಪಟ್ಟಿ ಅಪರಿಚಿತ ಎನಿಸುವುದೇ ಇಲ್ಲ.

ಅಳತೆ ಎಕರೆ, ರೂಡ್, ಪರ್ಚ್‌ಗಳಲ್ಲಿ ಇರುತ್ತದೆ. ಇಂದಿನ ಇಂಗ್ಲಿಷರೇ ಇದರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ, ಎಕರೆ ಗುಂಟೆ ಬಲ್ಲ ನಮಗೆ ಬಾಯಿಲೆಕ್ಕ. ಎಕರೆಗೆ ನಾಲ್ಕು ರೂಡ್, ರೂಡಿಗೆ ನಲವತ್ತು ಪರ್ಚ್. ಒಂದು ರೂಡ್ ಎಂದರೆ ಹತ್ತು ಗುಂಟೆ, ನಾಲ್ಕು ಪರ್ಚ್ ಎಂದರೆ ಒಂದು ಗುಂಟೆ. ಇದು ಕಾಕತಾಳೀಯವೂ ಅಲ್ಲ. ನಮ್ಮ ಗುಂಟೆ 33 ಅಡಿಯ ಚೌಕ, ಅವರ ಸರ್ವೆ ಸರಪಳಿ 66 ಅಡಿ, ಎರಡೂ ಒಂದೇ ಸರಪಳಿಯ ಮಕ್ಕಳು. ತೋಟದ ಎದುರು 2 ಎಕರೆ 1 ರೂಡ್ 20 ಪರ್ಚ್ ಎಂದಿದ್ದರೆ 2 ಎಕರೆ 15 ಗುಂಟೆ. ಮುಂದಿನ ಆರ್ಡ್ನೆನ್ಸ್ ಸರ್ವೆ ಹಾಳೆಯಲ್ಲಿ ಅದೇ ತುಂಡಿನ ಮೇಲೆ 2.375 ಎಂದು ಅಚ್ಚಾಗಿದ್ದರೆ ತೋಟ ಹಿಗ್ಗಿಲ್ಲ ಕುಗ್ಗಿಲ್ಲ. ಮೂರುವರೆಗೆ ಏರಿದ್ದರೆ ಗೋಡೆಯ ಹೊರಗಿನ ಪಟ್ಟಿಯನ್ನೋ ಹಣ್ಣಿನ ತೋಪನ್ನೋ ಸೇರಿಸಿ ಅಳೆದಿದ್ದಾರೆ, ಇಲ್ಲವೇ ನಿಜಕ್ಕೂ ಇನ್ನೊಂದು ಗೋಡೆ ಕಟ್ಟಿದ್ದಾರೆ. ಯಾವುದು ಎಂಬುದನ್ನು ಗೆರೆಗಳೇ ಹೇಳಬೇಕು.

ಟೈಥ್ ಸರ್ವೆಯವನ ಕಾಳಜಿ ತೆರಿಗೆ. ತುಂಡಿನ ಗಡಿ, ವಿಸ್ತೀರ್ಣ ಸರಿಯಿದ್ದರೆ ಅವನ ಕೆಲಸ ಮುಗಿಯಿತು. ತೋಟದೊಳಗಿನ ದಾರಿಯನ್ನು ಅವನು ಬರೆದರೂ ಬರೆದ, ಬಿಟ್ಟರೂ ಬಿಟ್ಟ. ಕೆಲವು ಕಡೆ ಮನೆ, ಲಾಯ, ಅಂಗಳ, ತೋಟ ಎಲ್ಲವನ್ನೂ ಒಂದೇ ನಂಬರಿನಡಿ ತುರುಕಿರುತ್ತಾನೆ. ನಕ್ಷೆಗಳ ಗುಣಮಟ್ಟವೂ ಒಂದೇ ಸಮನಿಲ್ಲ. ಅಧಿಕೃತ ಮುದ್ರೆ ಬಿದ್ದ ಮೊದಲ ದರ್ಜೆಯವು ಆರರಲ್ಲಿ ಒಂದು ಪಾಲು ಮಾತ್ರ. ಉಳಿದವುಗಳಲ್ಲಿ ಹಳೆಯ ನಕ್ಷೆಗಳನ್ನು ನೋಡಿ ಇಳಿಸಿದ್ದೂ ಉಂಟು. 1838ರ ಹಾಳೆಯಲ್ಲಿ 1800ರ ತೋಟ ಕೂತಿರಬಹುದು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಮುಕ್ಕಾಲು ಭಾಗಕ್ಕೆ ಮಾತ್ರ ಈ ನಕ್ಷೆಗಳಿವೆ. ನಡುನಾಡಿನ ಬಹಳ ಊರುಗಳಲ್ಲಿ ಅದಾಗಲೇ ಗೋಮಾಳ ಹಂಚಿಕೆಯ ಕಾಲಕ್ಕೆ ಹತ್ತನೇ ಪಾಲನ್ನು ತೀರಿಸಿಕೊಂಡಿದ್ದರು. ಅಲ್ಲಿ ಆ ಹಂಚಿಕೆಯ ನಕ್ಷೆಯನ್ನೇ ಕೇಳಿ. ವೇಲ್ಸ್‌ನವು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಚೆಶೈರ್‌ನವೂ ಹಾಗೆಯೇ. ಉಳಿದವಕ್ಕೆ ಕೌಂಟಿ ದಾಖಲೆ ಕಚೇರಿ, ಇಲ್ಲವೇ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಕ್ಯೂಗೆ ಹೋದರೆ ಪಕ್ಕದ ಸಸ್ಯೋದ್ಯಾನವನ್ನೂ ನೋಡಿಕೊಂಡು ಬನ್ನಿ. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಪಳಗಿದ್ದು ಅಲ್ಲೇ.

ಸ್ಕಾಟ್ಲೆಂಡಿಗೆ ಟೈಥ್ ನಕ್ಷೆಗಳಿಲ್ಲ. ಅದರ ಬದಲು ಆರ್ಡ್ನೆನ್ಸ್ ಸರ್ವೆಯವರ ಹೆಸರು ಪುಸ್ತಕಗಳಿವೆ. ನಕ್ಷೆಯಲ್ಲಿ ಬರೆಯುವ ಪ್ರತಿ ಹೆಸರಿಗೂ ಊರಿನ ಬಲ್ಲವರನ್ನು ಕೇಳಿ ಕಾಗುಣಿತ, ಒಂದೆರಡು ಸಾಲಿನ ವಿವರಣೆ ಬರೆದುಕೊಂಡದ್ದು. ದೊಡ್ಡಮನೆಯ ವಿವರದ ಬಾಲದಲ್ಲಿ ತೋಟದ ಮಾತೂ ಬಂದಿರುತ್ತದೆ. ಸ್ಕಾಟ್ಲೆಂಡಿನವೆಲ್ಲ ಜಾಲತಾಣದಲ್ಲಿವೆ. ಇಂಗ್ಲೆಂಡಿನವು ಬಹುಪಾಲು 1940ರಲ್ಲಿ ಆರ್ಡ್ನೆನ್ಸ್ ಸರ್ವೆಯ ಕಚೇರಿಯಿದ್ದ ಸೌತಾಂಪ್ಟನ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು.

6. ಅದಕ್ಕೂ ಹಿಂದಕ್ಕೆ: ಏಮಿಸ್‌ಫೀಲ್ಡ್ ಉದಾಹರಣೆ

ಎಡಿನ್‌ಬರೊದಿಂದ ಪೂರ್ವಕ್ಕೆ ಹ್ಯಾಡಿಂಗ್ಟನ್ ಎಂಬ ಪಟ್ಟಣ. ಅದರ ಪಕ್ಕದಲ್ಲಿ ಏಮಿಸ್‌ಫೀಲ್ಡ್ ತೋಟ. ಸುಮಾರು ಎಂಟು ಎಕರೆ, ಹದಿನಾರು ಅಡಿಯ ಗೋಡೆ, ನಾಲ್ಕು ಮೂಲೆಯಲ್ಲೂ ದುಂಡನೆಯ ಮಂಟಪ. ಇದಕ್ಕೆ ಹೊಂದಿಕೊಂಡ ದೊಡ್ಡಮನೆಯನ್ನು 1928ರಲ್ಲಿ ಕೆಡವಿದರು, ಸುತ್ತಲಿನ ಪಾರ್ಕು ಈಗ ಗಾಲ್ಫ್ ಮೈದಾನ. ಮನೆ ಹೋಗಿ ಅಡುಗೆ ತೋಟದ ಗೋಡೆ ಉಳಿದದ್ದು ಇದೊಂದೇ ಊರಲ್ಲಲ್ಲ. ಗೋಡೆಯನ್ನು ಒಡೆಯುವುದಕ್ಕೆ ತಗಲುವ ಖರ್ಚಿಗೆ ಹೋಲಿಸಿದರೆ ಅದರಿಂದ ಬರುವ ಸಾಮಾನು ಕಡಿಮೆ. ಇಂದು ಸ್ವಯಂಸೇವಕರ ಕೈಯಲ್ಲಿ ತೋಟ ಮತ್ತೆ ಹಸಿರಾಗಿದೆ.

ಇದನ್ನು ನಕ್ಷೆಗಳಲ್ಲಿ ಹಿಂಬಾಲಿಸಿದರೆ ಕ್ರಮ ಹೀಗೆ. 1928ರ ನಂತರದ ಪರಿಷ್ಕರಣೆಯಲ್ಲಿ ಮನೆಯಿಲ್ಲ, ಗೋಡೆಯಿದೆ. 1890ರ ದಶಕದ 25 ಇಂಚಿನಲ್ಲಿ ಎರಡೂ ಇವೆ. ಮೂಲೆಯ ದುಂಡು ಮಂಟಪಗಳನ್ನು ಹುಡುಕಲು ತಕ್ಕ ಹಾಳೆ ಅದು. ಅದಕ್ಕೆ ಮೊದಲು ಈ ಕೌಂಟಿಗೆ ಸಿಗುವುದು 1850ರ ದಶಕದ ಆರು ಇಂಚು ಮಾತ್ರ. ಅದರ ಹಿಂದೆ ಕೌಂಟಿ ನಕ್ಷೆಗಳು. ಅವುಗಳನ್ನು ಚಂದಾ ಎತ್ತಿ ಅಚ್ಚು ಹಾಕಿಸುತ್ತಿದ್ದರು, ಚಂದಾ ಕೊಡುತ್ತಿದ್ದವರು ಜಮೀನ್ದಾರರು, ಹಾಗಾಗಿ ಅವರ ಮನೆ ಪಾರ್ಕುಗಳನ್ನು ಸ್ವಲ್ಪ ಧಾರಾಳವಾಗಿಯೇ ಬಿಡಿಸುತ್ತಿದ್ದರು. ಕೊನೆಗೆ ವಿಲಿಯಂ ರಾಯ್ ನೇತೃತ್ವದ ಸೈನಿಕ ಸರ್ವೆ, 1747ರಿಂದ 1755. ತಗ್ಗುನಾಡಿನ ಭಾಗ ಅಳೆದದ್ದು 1752ರ ನಂತರ. ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ ಜಾಕೋಬೈಟ್ ದಂಗೆ ಅಡಗಿಸಿದ ಮೇಲೆ ಸೈನ್ಯದ ಓಡಾಟಕ್ಕೆಂದು ಮಾಡಿದ ನಕ್ಷೆ ಅದು. ರಸ್ತೆ, ಹೊಳೆ, ಗುಡ್ಡ ಮುಖ್ಯ. ಆದರೂ ಶ್ರೀಮಂತರ ತೋಪು, ಸಾಲುಮರ, ಆವರಣಗಳನ್ನು ಬಣ್ಣದಲ್ಲಿ ಸೊಗಸಾಗಿ ಬಿಡಿಸಿದ್ದಾರೆ.

ಏಮಿಸ್‌ಫೀಲ್ಡ್‌ನ ಈ ದೊಡ್ಡ ಗೋಡೆ 18ನೇ ಶತಮಾನದ ಕೊನೆಯ ಭಾಗದ್ದು, ಆದ್ದರಿಂದ ರಾಯ್ ನಕ್ಷೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಮನೆಯ ಬಳಿ ಬೇರಾವುದೋ ಆವರಣ ಕಂಡರೆ ಅದು ಇದಕ್ಕಿಂತ ಹಿಂದಿನ ತೋಟವಾಗಿರಬಹುದು, ಪೂರ್ತಿ ಬೇರೆ ಜಾಗದಲ್ಲಿರಬಹುದು. ಆ ಕಾಲದಲ್ಲಿ ದೊಡ್ಡಮನೆಯ ಸುತ್ತ ಹುಲ್ಲುಹಾಸು, ಕೊಳ, ತೋಪು ಮಾಡಿ ಪ್ರಕೃತಿಯೇ ಹಾಗಿತ್ತೇನೋ ಎಂಬಂತೆ ತೋರಿಸುವ ಶೋಕಿ ಹುಟ್ಟಿತ್ತು. ಕೋಸು, ಗೊಬ್ಬರ ಕಣ್ಣಿಗೆ ಬೀಳಬಾರದೆಂದು ತರಕಾರಿ ತೋಟವನ್ನು ದೂರಕ್ಕೆ ಕಳಿಸಿದರು. ಅದಕ್ಕೇ 1750ರ ಚೌಕವನ್ನೂ 1850ರ ಚೌಕವನ್ನೂ ಒಂದೇ ಎಂದು ತಳುಕು ಹಾಕುವ ಮುನ್ನ ಹೊಳೆಯ ತಿರುವು, ಸೇತುವೆ, ಚರ್ಚು ಇಂಥ ಕದಲದ ಗುರುತುಗಳಿಂದ ದೂರ ಅಳೆದು ನೋಡಿ.

ಜಮೀನ್ದಾರರು ಸ್ವಂತಕ್ಕೆ ಬರೆಸಿಕೊಂಡ ನಕ್ಷೆ ದಾಖಲೆ ಕಚೇರಿಯಲ್ಲಿ ಸಿಕ್ಕರೆ ಅದೃಷ್ಟ. ಪಾತಿ ಪಾತಿಗೂ ಬಣ್ಣವಿರುತ್ತದೆ. ಆದರೆ ಮಾಡಬೇಕೆಂದಿದ್ದ ತೋಟ ಯಾವುದು, ಮಾಡಿದ ತೋಟ ಯಾವುದು ಎಂದು ಎಚ್ಚರದಿಂದ ನೋಡಿ. ಶ್ರೀಮಂತರ ಯೋಜನೆಗಳಲ್ಲಿ ಎಷ್ಟೋ ಕಾಗದದ ಮೇಲೇ ಉಳಿದವು.

7. 1910ರಿಂದ ಈಚೆಗೆ

ಇಲ್ಲಿ ದಾಖಲೆ ಧಾರಾಳ, ಬೇಗ ದಾಟಬಹುದು. 1910ರ ಭೂಮೌಲ್ಯ ಸರ್ವೆಗೆ ಬಳಸಿದ ನಕ್ಷೆಗಳೂ ಕ್ಷೇತ್ರ ಪುಸ್ತಕಗಳೂ ಇವೆ. ಕೆಲವೊಮ್ಮೆ ಗಾಜಿನ ಮನೆಗಳ ಸ್ಥಿತಿಗತಿಯೂ ಬರೆದಿರುತ್ತದೆ. ಇಂಗ್ಲೆಂಡ್, ವೇಲ್ಸ್‌ಗೆ 1941ರಿಂದ 1943ರವರೆಗಿನ ರಾಷ್ಟ್ರೀಯ ಕೃಷಿ ಸಮೀಕ್ಷೆಯಿದೆ. ಯುದ್ಧದ ದಿನಗಳಲ್ಲಿ ಹಲವು ಗೋಡೆತೋಟಗಳು ಟೊಮ್ಯಾಟೊ ಬೆಳೆದು ಮಾರುವ ವ್ಯಾಪಾರಕ್ಕೆ ಇಳಿದದ್ದು ಅದರಲ್ಲಿ ಕಾಣುತ್ತದೆ. ಎಸ್ಟೇಟ್ ಹರಾಜಿನ ಕರಪತ್ರ ಸಿಕ್ಕರಂತೂ ಬಿಡಲೇಬೇಡಿ. ಮಾರುವವನು ಗಾಜಿನ ಪ್ರತಿ ಅಡಿಯನ್ನೂ ಹೊಗಳಿರುತ್ತಾನೆ, ಅದನ್ನು ಸ್ವಲ್ಪ ಕಳೆದು ಓದಿ.

ಜನಗಣತಿಯನ್ನು ನಕ್ಷೆಯ ಜೊತೆಗೇ ಓದುವುದು ನನ್ನ ಪದ್ಧತಿ. ಹತ್ತು ವರ್ಷಕ್ಕೊಮ್ಮೆ ಬಾಥಿಯಲ್ಲಿ ಎಷ್ಟು ಮಾಲಿಗಳು ಮಲಗುತ್ತಿದ್ದರು ಎಂದು ಎಣಿಸಿದರೆ ತೋಟದ ಏರಿಳಿತ ಗೊತ್ತಾಗುತ್ತದೆ. ಹೆಡ್ ಗಾರ್ಡನರ್ ಹೆಸರು ಹಿಡಿದುಕೊಂಡು 1841ರಲ್ಲಿ ಶುರುವಾದ ಗಾರ್ಡನರ್ಸ್ ಕ್ರಾನಿಕಲ್ ಪತ್ರಿಕೆಯಲ್ಲಿ ಹುಡುಕಿ. ಬಹುಮಾನ ಗೆದ್ದ ದ್ರಾಕ್ಷಿಯ ಸುದ್ದಿ ಸಿಕ್ಕರೂ ಸಿಕ್ಕೀತು. ಹಳೆಯ ಸಂಪುಟಗಳು ಜೀವವೈವಿಧ್ಯ ಪರಂಪರೆ ಗ್ರಂಥಾಲಯದ ತಾಣದಲ್ಲಿವೆ.

ವಿಮಾನದಿಂದ ತೆಗೆದ ಚಿತ್ರಗಳು ನಕ್ಷೆ ಬಿಟ್ಟದ್ದನ್ನು ತುಂಬುತ್ತವೆ. ವಾಯುಪಡೆಯವರು 1940ರ ದಶಕದಲ್ಲಿ ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ದಾರಿ, ಪಾತಿ, ಗೋಡೆಯ ನೆರಳು ಎಲ್ಲ ಬಿದ್ದಿರುತ್ತವೆ. ಸ್ಕಾಟ್ಲೆಂಡಿಗೆ ಎಡಿನ್‌ಬರೊದ ವೈಮಾನಿಕ ಚಿತ್ರ ಸಂಗ್ರಹ, ಇಂಗ್ಲೆಂಡಿಗೆ ಹಿಸ್ಟಾರಿಕ್ ಇಂಗ್ಲೆಂಡ್. ಬರಗಾಲದ ಬೇಸಿಗೆಯ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಮಣ್ಣಿನಡಿ ಜಲ್ಲಿದಾರಿಯೋ ಅಡಿಪಾಯವೋ ಇದ್ದಲ್ಲಿ ಹುಲ್ಲು ಬೇಗ ಒಣಗಿ ಹಳದಿ ಗೆರೆ ಮೂಡುತ್ತದೆ. 2018ರ ಬಿಸಿಲಿಗೆ ಚಾಟ್ಸ್‌ವರ್ತ್‌ನ ಹುಲ್ಲುಹಾಸಿನಲ್ಲಿ 17ನೇ ಶತಮಾನದ ಕೊನೆಯ ತೋಟದ ಇಡೀ ವಿನ್ಯಾಸ ಹೀಗೇ ಎದ್ದು ಕಂಡಿತು.

8. ಗೋಡೆಯನ್ನೇ ಕೇಳಿ

ಮಾಲೀಕರ ಅನುಮತಿ ಪಡೆದು ಒಮ್ಮೆ ಸ್ಥಳಕ್ಕೆ ಹೋಗಿ. ಸ್ಕಾಟ್ಲೆಂಡಿನಲ್ಲಿ ನೆಲದ ಮೇಲೆ ಓಡಾಡುವ ಹಕ್ಕು ವಿಶಾಲವಾದರೂ ಜನ ವಾಸವಿರುವ ಮನೆಯ ತೋಟಕ್ಕೆ ಅದು ನಡೆಯದು. ಮೋಡ ಕವಿದ ದಿನಕ್ಕಿಂತ ಇಳಿಬಿಸಿಲು ಒಳ್ಳೆಯದು, ಗೋಡೆಯ ಉಬ್ಬುತಗ್ಗು ಆಗ ಎದ್ದು ಕಾಣುತ್ತದೆ.

ಉತ್ತರ ಗೋಡೆಯ ಒಳಮೈಯಿಂದ ಶುರು ಮಾಡಿ. ಸುಣ್ಣ ಬಳಿದ ಬಿಳುಪು ಒಂದು ಓರೆ ಗೆರೆಯಲ್ಲಿ ನಿಂತಿದ್ದರೆ ಅಲ್ಲಿ ಗಾಜಿನ ಛಾವಣಿ ಒರಗಿತ್ತು. ನಕ್ಷೆಯಲ್ಲಿ ಅಳೆದ ಅಗಲವನ್ನು ಅದಕ್ಕೆ ಹೋಲಿಸಿ. ಇಟ್ಟಿಗೆಯ ಸಂದಿಗಳಲ್ಲಿ ನೂರಾರು ಮೊಳೆಗಳ ತೂತು, ತುಕ್ಕಿನ ಕಲೆ ಕಂಡರೆ ಹಣ್ಣಿನ ಮರದ ಕೊಂಬೆಗಳನ್ನು ಬಟ್ಟೆಪಟ್ಟಿಯಿಂದ ಗೋಡೆಗೆ ಬಿಗಿದಿದ್ದ ಜಾಗ ಅದು. ಮೊಣಕಾಲೆತ್ತರದಲ್ಲಿ ಕಬ್ಬಿಣದ ಸಣ್ಣ ಬಾಗಿಲೋ ಮುಚ್ಚಿದ ಕಮಾನೋ ಇದ್ದರೆ ಹೊಗೆಕೊಳವೆಯ ಮಸಿ ತೆಗೆಯುತ್ತಿದ್ದ ಕಿಂಡಿಯಿರಬಹುದು. ಇದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ನೇರ ಸೀಳು, ಅತ್ತ ಇತ್ತ ಇಟ್ಟಿಗೆ ಜೋಡಿಸಿದ ರೀತಿ ಬೇರೆ ಎಂದರೆ ಎರಡು ಕಾಲದಲ್ಲಿ ಕಟ್ಟಿದ್ದು. ಟೈಥ್ ಪಟ್ಟಿಗೂ ಮುಂದಿನ ಹಾಳೆಗೂ ವಿಸ್ತೀರ್ಣ ತಾಳೆಯಾಗದಿದ್ದಲ್ಲಿ ಉತ್ತರ ಹೆಚ್ಚಾಗಿ ಆ ಸೀಳಿನಲ್ಲಿ ಸಿಗುತ್ತದೆ. ಕಲ್ಲಿನ ಗೋಡೆಯ ಒಳಮೈಗೆ ಮಾತ್ರ ಇಟ್ಟಿಗೆ ಹೊದಿಸಿದ್ದನ್ನು ಕಂಡು ಸೀಳು ಎಂದುಕೊಳ್ಳಬೇಡಿ. ಇಟ್ಟಿಗೆ ಶಾಖ ಹಿಡಿದಿಟ್ಟುಕೊಳ್ಳುತ್ತದೆಂದು ಬೇಕೆಂದೇ ಹಾಗೆ ಕಟ್ಟುತ್ತಿದ್ದರು.

9. ಬರೆದಿಡುವಾಗ

ತಾರೀಖನ್ನು ಎರಡು ನಕ್ಷೆಗಳ ನಡುವಿನ ಅಂತರವಾಗಿಯೇ ಬರೆಯಿರಿ. ‘1853ರ ಅಳತೆಯ ನಂತರ, 1893ರ ಅಳತೆಗೆ ಮುಂಚೆ ಪಶ್ಚಿಮದ ಗಾಜಿನ ಮನೆ ಬಂದಿದೆ’ ಎನ್ನುವುದು ಪ್ರಾಮಾಣಿಕ ವಾಕ್ಯ. ‘1893ರಲ್ಲಿ ಕಟ್ಟಿದರು’ ಎಂದರೆ ತಪ್ಪು. ಯಾವ ಸಂಗತಿ ನಕ್ಷೆಯಿಂದ, ಯಾವುದು ಗೋಡೆಯಿಂದ, ಯಾವುದು ನಿಮ್ಮ ಊಹೆ ಎಂದು ಪ್ರತ್ಯೇಕ ಗುರುತಿಡಿ. ಪ್ರತಿ ನಕ್ಷೆಯ ಹಾಳೆ ಸಂಖ್ಯೆ, ಅಳತೆಯ ವರ್ಷ ಕಡ್ಡಾಯ.

ಆರ್ಡ್ನೆನ್ಸ್ ಸರ್ವೆ ನಕ್ಷೆಗಳ ಸರ್ಕಾರಿ ಹಕ್ಕುಸ್ವಾಮ್ಯ ಅಚ್ಚಾದ 50 ವರ್ಷಕ್ಕೆ ಮುಗಿಯುತ್ತದೆ. ಸ್ಕ್ಯಾನ್ ಮಾಡಿದ ಗ್ರಂಥಾಲಯದ ಷರತ್ತು ಬೇರೆ, ಅದನ್ನು ಓದಿಕೊಂಡು ಅವರ ಹೆಸರು ಹಾಕಿ ಬಳಸಿ. ಕೆಲಸ ಮುಗಿದ ಮೇಲೆ ಒಂದು ಪ್ರತಿಯನ್ನು ಆ ಜಾಗದ ಐತಿಹಾಸಿಕ ಪರಿಸರ ದಾಖಲೆ ವಿಭಾಗಕ್ಕೆ ಕಳಿಸಿ. ಇಂಗ್ಲೆಂಡಿನಲ್ಲಾದರೆ ಕೌಂಟಿಯ ಉದ್ಯಾನ ಟ್ರಸ್ಟಿಗೂ ಇನ್ನೊಂದು ಪ್ರತಿ ಕೊಡಿ. ಗೋಡೆಯೊಳಗೆ ಮನೆ ಕಟ್ಟಲು ಯಾರಾದರೂ ಅರ್ಜಿ ಹಾಕಿದಾಗ ಯೋಜನಾ ವಿಭಾಗದವರು ಮೊದಲು ತೆರೆದು ನೋಡುವ ಕಡತಗಳಲ್ಲಿ ಅದೂ ಸೇರಿರುತ್ತದೆ.